ಸಂಪಿಗೆ ಹೂವಿಗೆ ಜಾಮೀನಿಲ್ಲ

ನಮ್ಮ ಭಾವ ಮುನಿಆಂಜಿನಪ್ಪನವರು ಜಾಲಹಳ್ಳಿ ಕಡೆ ಫ್ಯಾಕ್ಟರಿಯಲ್ಲಿ ಜೀವಮಾನವಿಡೀ ಬೋಲ್ಟು ಬಿಗಿ ಮಾಡಿ ರಿಟೈರ್ ಆದಾಗ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾಗಿದ್ದು ಅವರು ಪೊಲೀಸಿನವರು ಕರೆದಿದ್ದ ನಾಗರಿಕರ ಸಭೆಗೆ ಹೋಗಿ ಬಂದ ಮೇಲೆ. ಅಲ್ಲಿ ಯಾರೋ ದೊಡ್ಡ ಅಧಿಕಾರಿ ಹೊಸ ಕಾನೂನಿನ ಬಗ್ಗೆ ಭಾಷಣ ಮಾಡಿದರಂತೆ. ಬಂದವರಿಗೆಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರು, ಒಂದು ಪೆನ್ನು, ಟೀ ಜೊತೆ ಬಿಸ್ಕತ್ತು ಕೊಟ್ಟರಂತೆ. ಬಿಸ್ಕತ್ತು ಅಲ್ಲೇ ಮುಗೀತು, ಪೆನ್ನು ದಾರೀಲಿ ಬಿದ್ದುಹೋಯ್ತು. ಫೋಲ್ಡರು ಮಾತ್ರ ಭಾವನ ಕಂಕುಳಲ್ಲೇ ಉಳಿದುಬಿಡ್ತು.

ನಾನು ಯೋಗಾನಂದ. ಸಹಕಾರನಗರದ ಹಿಂದುಗಡೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡೋನು. ಭಾವನ ಮನೆಯ ಮೇಲ್ಗಡೆ ಮಹಡೀಲೇ ನನ್ನ ವಾಸ. ಕೆಳಗಡೆ ಅಕ್ಕ ನಾಗಲಕ್ಷ್ಮಿ ಏನು ಕರಿದರೂ ವಾಸನೆ ಮೊದಲು ನನಗೆ ಬರುತ್ತೆ. ಭಾವ ಏನು ಎಡವಟ್ಟು ಮಾಡಿಕೊಂಡರೂ ಅದೂ ಮೊದಲು ನನ್ನ ಹತ್ತಿರಾನೇ ಬರುತ್ತೆ.

ಆ ಸಭೆಯಿಂದ ಬಂದ ದಿನ ಮೆಟ್ಟಿಲ ಹತ್ತಿರಾನೇ ನನ್ನ ಹಿಡಕೊಂಡರು.

"ಯೋಗಿ, ಅಪರಾಧ ಅಂದ್ರೆ ಎಲ್ಲಾ ಒಂದೇ ಅಲ್ಲ ಕಣಯ್ಯ. ಅದರಲ್ಲೂ ಕ್ಲಾಸ್ ಇದೆ. ಮೂರು ಪ್ರಶ್ನೆ ಕೇಳ್ಬೇಕು. ಒಂದು, ಪೊಲೀಸರು ವಾರಂಟ್ ಇಲ್ದೆ ಹಿಡೀಬಹುದಾ, ಇಲ್ಲಾ ಸುಮ್ನೆ ಎನ್‌ಸಿ, ಅಂದ್ರೆ ನಾನ್ ಕಾಗ್ನಿಜಬಲ್, ಅಂತ ಬರ್ಕೊಂಡು ಕಳಿಸ್ಬೇಕಾ? ಎರಡು, ಹಿಡಿದ್ರೆ ಬೇಲು ಅವನ ಹಕ್ಕಾ, ಇಲ್ಲಾ ಜಡ್ಜ್ ಮರ್ಜೀನಾ? ಮೂರು, ಕೊನೇಗೆ ಇಬ್ಬರೂ ಕೂತು ರಾಜಿ ಮಾಡ್ಕೋಬಹುದಾ, ಇಲ್ವಾ? ಈ ಮೂರು ಗೊತ್ತಾಯ್ತಾ, ನೀನೇ ವಕೀಲ."

"ಊಟ ಆಯ್ತಾ ಭಾವ?" ಅಂದೆ.

ಅವತ್ತಿಂದ ಮನೇಲಿ ನಡೆಯೋದೆಲ್ಲ ವಿಂಗಡಣೆ ಆಗೋಕೆ ಶುರುವಾಯ್ತು. ಅಕ್ಕ ಸಾರಿಗೆ ಉಪ್ಪು ಮರೆತರೆ ಅದು ರಾಜಿ ಆಗೋ ಅಪರಾಧ. ಪಕ್ಕದ ಮನೆ ಗಂಗರತ್ನಮ್ಮ ಕಸದ ಕವರನ್ನ ನಮ್ಮ ಮೂಲೆಗೆ ತಳ್ಳಿದರೆ ಅದು ಎನ್‌ಸಿ. ನಾನು ಮೇಲ್ಗಡೆ ಹಿತ್ತಾಳೆ ಹಂಡೆ ಉರುಳಿಸಿದರೆ ಅದು ಹಿಡಿಯಬಹುದಾದ್ದು, ಆದರೆ ಬೇಲು ಉಂಟು. ಪಾರ್ಕಿನ ಬೆಂಚಿನ ಮೇಲೆ ಬೆಳಗ್ಗೆ ಬೆಳಗ್ಗೆ ಭಾವನ ಕಚೇರಿ. ವಾಕಿಂಗಿಗೆ ಬಂದವರು ಪಾಪ, ಆ ಬೆಂಚು ಬಂದ ತಕ್ಷಣ ಜಾಗಿಂಗ್ ಶುರು ಮಾಡ್ತಿದ್ದರು.

ಓಡದೆ ನಿಂತು ಕೇಳ್ತಿದ್ದವನು ಒಬ್ಬನೇ, ಎದುರು ಮನೆ ಪಿಳ್ಳಣ್ಣ. ಕೇಳಿ ಹೊಟ್ಟೆ ಹಿಡಕೊಂಡು ನಗ್ತಿದ್ದ.

ಇಬ್ಬರೂ ಒಂದೇ ಹಳ್ಳಿಯವರು. ಈಗ ಅಪಾರ್ಟ್‌ಮೆಂಟುಗಳು ನಿಂತಿರೋ ಜಾಗದಲ್ಲಿ ರಾಗಿ ಹೊಲ ಇದ್ದಾಗ ಒಂದೇ ಬದುವಿನ ಆ ಕಡೆ ಈ ಕಡೆ ದನ ಕಾಯ್ದವರು. ಹೊಲ ಹೋಗಿ ಸೈಟು ಬಂತು. ಸೈಟು ಮನೆಯಾಯ್ತು. ಮನೆಗಳೂ ಎದುರುಬದುರೇ. ಅಷ್ಟು ವಯಸ್ಸಾದರೂ ಅವನು ಇವರಿಗೆ "ಲೇ ಆಂಜಿ", ಇವರು ಅವನಿಗೆ "ಲೇ ಪಿಳ್ಳ". ಬೇರೆ ಯಾರಾದರೂ ಭಾವನ್ನ ಹಾಗೆ ಕರೆದಿದ್ದರೆ ಅದು ಯಾವ ಕ್ಲಾಸಿನ ಅಪರಾಧ ಆಗ್ತಿತ್ತೋ ದೇವರೇ ಬಲ್ಲ.

ಭಾವನ ಕಾಂಪೌಂಡಿನಲ್ಲಿ ಒಂದು ಸಂಪಿಗೆ ಮರ ಇದೆ. ಗೃಹಪ್ರವೇಶದ ದಿನ ಎಲ್ಲರೂ ಗೋಡೆ ಗಡಿಯಾರ ತಂದರೆ ಪಿಳ್ಳಣ್ಣ ಸೈಕಲ್ ಕ್ಯಾರಿಯರಿಗೆ ಸಂಪಿಗೆ ಸಸಿ ಕಟ್ಟಿಕೊಂಡು ಬಂದ. ತಾನೇ ಗುಂಡಿ ತೋಡಿ ನೆಟ್ಟ. ನೆಟ್ಟು ಕೈ ಒರೆಸಿಕೊಂಡು, "ಲೇ ಆಂಜಿ, ನೆಳ್ಳು ನಿಂದು, ಊವು ನಂದು, ಆಯ್ತೇನ್ಲಾ?" ಅಂದ. "ಆಯ್ತು ತಗೊಳ್ಲಾ," ಅಂದರು ಭಾವ. ಸ್ಟಾಂಪ್ ಪೇಪರಿಲ್ಲ, ಸಾಕ್ಷಿ ಸಹಿ ಇಲ್ಲ. ಮರ ದೊಡ್ಡದಾಯ್ತು, ಮಾತು ಹಾಗೇ ಉಳೀತು.

ದೇವರಿಗೆ ಹೂ ಕೀಳೋದಕ್ಕೆ ಪಿಳ್ಳಣ್ಣನ ತಾಯಿ ಒಂದು ಪದ್ಧತಿ ಹಾಕಿಕೊಟ್ಟಿದ್ದಳು. ತಲೆಗೆ ನೀರು ಹಾಕ್ಕೊಂಡಿರಬೇಕು. ಸೂರ್ಯ ಹುಟ್ಟೋದರೊಳಗೆ ಕೀಳಬೇಕು. ಕಾಲಲ್ಲಿ ಚಪ್ಪಲಿ ಇರಬಾರದು. ಕೀಳುವಾಗ ತುಟಿ ಪಿಟಕ್ ಅನ್ನಬಾರದು. ಇದಕ್ಕೆ ಪಿಳ್ಳಣ್ಣ ತನ್ನ ಕಡೆಯಿಂದ ಒಂದು ಸೇರಿಸಿದ್ದ. ತಣ್ಣೀರು ಸ್ನಾನ ಮಾಡಿ ಗಾಳಿಗೆ ಬಂದರೆ ಕಿವಿ ನೋಯುತ್ತೆ ಅಂತ ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚೋ ಮಂಕಿ ಕ್ಯಾಪು. ಬೆಳಗಿನ ಮಸುಕಲ್ಲಿ ಬರಿಗಾಲಲ್ಲಿ ಬಂದು, ಗೇಟಿನ ಸಂದೀಲಿ ಕೈ ತೂರಿಸಿ ಒಳಗಿನ ಚಿಲಕ ತೆಗೆದು, ಕೊಕ್ಕೆ ಕಟ್ಟಿದ ದೋಟಿಯಲ್ಲಿ ಕೊಂಬೆ ಬಗ್ಗಿಸಿ ಹೂ ಕಿತ್ತು, ಹೋಗೋವಾಗ ಎರಡು ಹೂ ಅಕ್ಕನ ಅಡುಗೆಮನೆ ಕಿಟಕಿ ಮೇಲೆ ಇಟ್ಟು ಹೋಗ್ತಿದ್ದ. ಅಕ್ಕ ಎದ್ದು ಮೊದಲು ಆ ಎರಡು ಹೂ ತಗೊಂಡು ಮುಡಿಯೋಳು. ಇದು ಎಷ್ಟು ವರ್ಷದಿಂದ ನಡೀತಿತ್ತು ಅಂದರೆ ನಮ್ಮ ಬೀದಿ ನಾಯಿ ಕೂಡ ಅವನನ್ನ ನೋಡಿ ತಲೆ ಎತ್ತುತ್ತಿರಲಿಲ್ಲ.

ಹೀಗಿರೋವಾಗ ಠಾಣೆಗೆ ಉಮೇಶ್ ಅಂತ ಹೊಸ ಸಬ್‌ಇನ್ಸ್‌ಪೆಕ್ಟರು ಬಂದರು. ಪಾರ್ಕಿನಲ್ಲಿ ಅವರಿಗೊಂದು ಸ್ವಾಗತ ಇಟ್ಟುಕೊಂಡರು. ಕುರ್ಚಿ ನಂದೇ. ಸ್ವಾಗತದ ಉಸ್ತುವಾರಿ ಭಾವನದು.

"ಹಾರ, ಶಾಲು ಎಲ್ಲಾ ಮಾಮೂಲಿ ಕಣ್ರೀ," ಅಂದರು ಭಾವ ಎಲ್ಲರ ಮುಂದೆ. "ಬೆಳ್ಳಿ ತಟ್ಟೇಲಿ ನಮ್ಮ ಮನೆ ಕೆಂಡಸಂಪಿಗೆ ಇಟ್ಟು ಕೊಡ್ತೀನಿ. ಸಾಹೇಬ್ರು ಜನ್ಮದಲ್ಲಿ ಮರೀಬಾರ್ದು."

ಭಾವನಿಗೆ ಮರೆತೇ ಹೋಗಿದ್ದು ಏನಪ್ಪಾ ಅಂದರೆ, ಅವತ್ತು ವರಮಹಾಲಕ್ಷ್ಮಿ ಹಬ್ಬ. ಪಿಳ್ಳಣ್ಣನ ಹೆಂಡತಿ ದ್ರೌಪದಮ್ಮ ಆ ಹಬ್ಬ ಮಾಡೋದು ಅಂದರೆ ಅಮ್ಮನವರ ಮುಖ ಬಿಟ್ಟು ಮಿಕ್ಕಿದ್ದೆಲ್ಲ ಸಂಪಿಗೇಲಿ ಮುಚ್ಚಿಹೋಗಬೇಕು. ಭಾವ ಜರಿ ಪಂಚೆ ಉಟ್ಟು ಬೆಳ್ಳಿ ತಟ್ಟೆ ಹಿಡಿದು ಮರದ ಕೆಳಗೆ ಬಂದು ತಲೆ ಎತ್ತಿದರೆ ಬರೀ ಎಲೆ. ಕಿಟಕಿ ಮೇಲಿನ ಎರಡು ಹೂವೂ ಅಷ್ಟರಲ್ಲಿ ಅಕ್ಕನ ಜಡೆಗೆ ಹೋಗಿತ್ತು. "ಬಿಚ್ಚಿ ಕೊಡೇ," ಅಂದರಂತೆ. ಅಕ್ಕ ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಕೊನೆಗೆ ಪಾರ್ಕಲ್ಲಿ ಭಾವ ಆ ಬೆಳ್ಳಿ ತಟ್ಟೇಲಿ ಗಂಗರತ್ನಮ್ಮ ಕೊಟ್ಟ ಒಂದು ನಿಂಬೆಹಣ್ಣು ಇಟ್ಟು ಸಾಹೇಬರ ಮುಂದೆ ನಿಂತರು. ಸಾಹೇಬರು ಅದನ್ನ ತಗೊಂಡು, ಏನು ಮಾಡೋದು ಅಂತ ಗೊತ್ತಾಗದೆ ಜೇಬಿಗೆ ಹಾಕ್ಕೊಂಡರು. ಆಗ ಹಿಂದಿನ ಸಾಲಿಂದ ಪಿಳ್ಳಣ್ಣನ ಗಂಟಲು ಬಂತು.

"ಲೇ ಆಂಜಿ! ಮನೆ ಮುಂದಿನ ಮರ ಕಾಯಕ್ಕಾಗ್ದೋನು ದೇಶದ ಕಾನೂನು ಕಾಯ್ತೀಯೇನ್ಲಾ?"

ಇಡೀ ಪಾರ್ಕು ನಕ್ಕಿತು. ಸಬ್‌ಇನ್ಸ್‌ಪೆಕ್ಟರೂ ನಕ್ಕರು. ಭಾವನೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿದ್ದು ನನಗೆ ಕಾಣಿಸ್ತು.

ಸಾಯಂಕಾಲ ಫೋಲ್ಡರ್ ಹಿಡಕೊಂಡು ಮೇಲೆ ಬಂದರು. "ನಡಿ ಯೋಗಿ, ಠಾಣೆಗೆ."

"ಯಾಕೆ ಭಾವ?"

"ಪಿಳ್ಳನ ಮೇಲೆ ಒಂದು ಎನ್‌ಸಿ."

"ತಲೆ ಕೆಟ್ಟಿದ್ಯಾ ನಿಮಗೆ?"

"ಪೂರ್ತಿ ಕೇಳಯ್ಯ. ಐದು ಸಾವಿರದೊಳಗಿನ ಕಳ್ಳತನ ಹೊಸ ಕಾನೂನಲ್ಲಿ ಎನ್‌ಸಿ. ಪೊಲೀಸರು ಅವನ ಮೈ ಮುಟ್ಟೋ ಹಾಗಿಲ್ಲ. ಬರ್ಕೋತಾರೆ, ಕರೀತಾರೆ, ಕೇಳ್ತಾರೆ. ಅವನು ಬೆವರ್ತಾನೆ. ಆಗ ನಾನು ಒಳಗೆ ಹೋಗಿ, 'ಅಯ್ಯೋ ಇವನಾ? ನಮ್ಮೋನೇ ಬಿಡಿ ಸಾರ್' ಅಂತೀನಿ. ಇಬ್ಬರೂ ಬರೋವಾಗ ದಾರೀಲಿ ಕಾಫಿ ಕುಡೀತೀವಿ. ಅಷ್ಟೇ."

ಪ್ಲಾನು ಕೇಳೋಕೆ ಚೆನ್ನಾಗೇ ಇತ್ತು. ಭಾವನ ಪ್ಲಾನುಗಳೆಲ್ಲ ಕೇಳೋಕೆ ಚೆನ್ನಾಗೇ ಇರ್ತವೆ.

ಠಾಣೇಲಿ ಬರೆದುಕೊಳ್ಳೋ ಮೇಜಿನ ಹಿಂದೆ ಹೆಡ್‌ಕಾನ್‌ಸ್ಟೇಬಲ್ ಕನೀಜ್ ಮೇಡಂ ಕೂತಿದ್ದರು. ಬೆಳಗಿಂದ ಬಂದೋಬಸ್ತ್ ಮಾಡಿ ಕಾಲು ಊದಿತ್ತೇನೋ, ಶೂ ಬಿಚ್ಚಿ ಮೇಜಿನ ಕೆಳಗೆ ಇಟ್ಟಿದ್ದರು.

"ಹೇಳಿ ಯಜಮಾನ್ರೇ. ಏನ್ ಕಳ್ದೋಯ್ತು?"

"ಸಂಪಿಗೆ ಹೂ."

ಮೇಡಂ ಪೆನ್ನಿನ ಕ್ಯಾಪ್ ಮುಚ್ಚಿದರು. "ಯಜಮಾನ್ರೇ, ಹಬ್ಬದ ದಿನ. ಮನೇಗೆ ಹೋಗಿ ಒಬ್ಬಟ್ಟು ತಿನ್ನಿ."

"ಇದು ಎನ್‌ಸಿ ಮೇಡಂ. ನನಗೆ ಗೊತ್ತು."

"ಇದು ಎನ್‌ಸೀನೂ ಅಲ್ಲ. ಇದು ಏನೂ ಅಲ್ಲ. ಬೆಳಗ್ಗೆ ವಾಕಿಂಗ್ ಬರೋ ಅರ್ಧ ಬೆಂಗಳೂರು ಕಾಂಪೌಂಡಿಂದ ಹೂ ಕೀಳುತ್ತೆ. ಎಲ್ಲರನ್ನೂ ಎಲ್ಲಿ ಕೂರಿಸ್ಲಿ?"

ಏನೂ ಅಲ್ಲ! ಎನ್‌ಸಿಗೂ ನಾಲಾಯಕ್ಕು ಅನ್ನಿಸಿಕೊಂಡ ಆ ಕ್ಷಣಾನೇ ಭಾವನ ತಲೆ ಕೆಟ್ಟಿದ್ದು. ಪಾರ್ಕಲ್ಲೂ ನಕ್ಕರು, ಇಲ್ಲೂ ನಗ್ತಿದಾರೆ. ಕುರ್ಚಿ ಮುಂದಕ್ಕೆ ಎಳಕೊಂಡರು.

"ಏನೂ ಅಲ್ವಾ? ಸೂರ್ಯ ಹುಟ್ಟೋಕೆ ಮುಂಚೆ ಬರ್ತಾನೆ ಮೇಡಂ, ಗೊತ್ತಾ?"

ಮೇಡಂ ಪೆನ್ನಿನ ಕ್ಯಾಪ್ ತೆಗೆದರು. "ಕತ್ತಲಲ್ಲಾ?"

"ಕತ್ತಲಲ್ಲೇ. ಒಳಗಿನ ಚಿಲಕ ತೆಗೆದು ಬರ್ತಾನೆ."

"ಕಾಂಪೌಂಡ್ ಒಳಗೇ ಬರ್ತಾನಾ?"

"ಮನೆ ಗೋಡೆವರೆಗೂ! ಅಡುಗೆಮನೆ ಕಿಟಕೀಗೆ ಕೈ ಹಾಕ್ತಾನೆ. ಸದ್ದೇ ಆಗಲ್ಲ, ಚಪ್ಪಲೀನೂ ಹಾಕ್ಕೊಂಡು ಬರಲ್ಲ. ಒಂದು ಮಾತಾಡಲ್ಲ. ಮುಖಕ್ಕೆ ಮಂಕಿ ಕ್ಯಾಪು. ಕೈಯಲ್ಲಿ ಕಬ್ಬಿಣದ ಕೊಕ್ಕೆ!"

ನಾನು ಮೇಜಿನ ಕೆಳಗೆ ಭಾವನ ಕಾಲು ತುಳಿದೆ. ಅವರು ನನ್ನ ಕಾಲು ಇನ್ನೂ ಜೋರಾಗಿ ತುಳಿದರು. ಮೇಡಂ ಅಷ್ಟರಲ್ಲಿ ಶೂ ಹಾಕ್ಕೊಳ್ತಿದ್ದರು.

"ಯಜಮಾನ್ರೇ, ಒಂದ್ಸಲ ಯೋಚ್ನೆ ಮಾಡಿ ಹೇಳಿ. ಹೂ ಕಿತ್ತ ಅಂದ್ರೆ ಅದು ಚಿಕ್ಕ ವಿಷಯ. ಕತ್ತಲಲ್ಲಿ ಮುಖ ಮುಚ್ಕೊಂಡು ಚಿಲಕ ತೆಗೆದು ಮನೆ ಒಳಗಡೆ ಕಾಲಿಟ್ಟ ಅಂದ್ರೆ ಕ್ಲಾಸೇ ಬೇರೆ ಆಗುತ್ತೆ. ಯಾರು ಅಂತ ಗೊತ್ತಾ ನಿಮಗೆ?"

ಇಲ್ಲಿ ಭಾವ 'ಗೊತ್ತು, ನಮ್ಮ ಪಿಳ್ಳ' ಅಂದಿದ್ದರೆ ಮೇಡಂ ಇಬ್ಬರಿಗೂ ಬೈದು ಕಳಿಸ್ತಿದ್ದರು, ಕಥೆ ಅಲ್ಲಿಗೇ ಮುಗೀತಿತ್ತು. ಆದರೆ ಗೆಳೆಯನ ಹೆಸರನ್ನ ಪೊಲೀಸ್ ಕಾಗದದ ಮೇಲೆ ಬರೆಸೋಕೆ ಅವರಿಗೆ ಮನಸ್ಸು ಬರಲಿಲ್ಲ. ಹೆಸರು ಬರೆಸಿದರೆ ಪಿಳ್ಳನ ಮನೆ ಮುಂದೆ ಜೀಪು ನಿಲ್ಲುತ್ತೆ, ದ್ರೌಪದಮ್ಮನಿಗೆ ಬಿಪಿ ಏರುತ್ತೆ ಅಂತ ಕನಿಕರ ಬಂತಂತೆ. ಅಷ್ಟೆಲ್ಲಾ ಹೇಳಿದ ಮೇಲೆ, ಆ ಹೊತ್ತಿನಲ್ಲಿ, ಆ ಒಂದು ಪ್ರಶ್ನೆಗೆ ಕನಿಕರ ಬಂತು!

"ಮುಖ ಕಾಣ್ಸಲ್ಲ ಮೇಡಂ," ಅಂದುಬಿಟ್ಟರು.

ಮೇಡಂ ಎದ್ದು ಸಾಹೇಬರ ರೂಮಿಗೆ ಹೋದರು. ಆ ತಿಂಗಳು ನಮ್ಮ ಕಡೆ ಎರಡು ಮೂರು ಮನೆ ಕಳ್ಳತನ ಆಗಿತ್ತು. ಎಲ್ಲಾ ಬೆಳಗಿನ ಜಾವಾನೇ, ಎಲ್ಲಾ ಮಂಕಿ ಕ್ಯಾಪಿನವರೇ. ಉಮೇಶ್ ಸಾಹೇಬರು ಹೊರಗೆ ಬಂದು ಭಾವನ ಕೈ ಹಿಡಕೊಂಡು ಕುಲುಕಿದರು. "ನಿಮ್ಮಂಥ ನಾಗರಿಕರು ಬೇಕು ಸಾರ್," ಅಂದರು. ಬೆಳಗ್ಗೆ ನಿಂಬೆಹಣ್ಣು ಜೇಬಿಗೆ ಹಾಕ್ಕೊಂಡ ಅದೇ ಕೈ. ಭಾವನಿಗೆ ನೆಲ ಕಾಣಿಸಲಿಲ್ಲ.

"ಎನ್‌ಸಿ ತಾನೇ ಸಾರ್?" ಅಂತ ಬಾಗಿಲಲ್ಲಿ ಒಂದು ಸಲ ಕೇಳಿದರು.

"ಅದನ್ನ ನಾವು ನೋಡ್ಕೋತೀವಿ. ನೀವು ಆರಾಮಾಗಿ ಮಲಗಿ," ಅಂದರು ಸಾಹೇಬರು.

ಭಾವ ನಿಜವಾಗ್ಲೂ ಆರಾಮಾಗೇ ಮಲಗಿದರು. ಹತ್ತು ಗಂಟೆಗೆ ಒಬ್ಬ ಕಾನ್‌ಸ್ಟೇಬಲ್ ಬರ್ತಾನೆ, ಅಕ್ಕಪಕ್ಕ, ಎದುರು ಮನೇಲೂ ವಿಚಾರಿಸ್ತಾನೆ ಅನ್ನೋದು ಅವರ ಲೆಕ್ಕ. ಬೆಳಕು ಹರಿಯೋ ಮುಂಚೇನೇ ಮಫ್ತೀಲಿ ಇಬ್ಬರು ನಮ್ಮ ನೀರಿನ ಸಂಪಿನ ಕಟ್ಟೆ ಹಿಂದೆ ಬಂದು ಕುಕ್ಕರಗಾಲಲ್ಲಿ ಕೂತಿದ್ದು ಯಾರಿಗೂ ಗೊತ್ತಿಲ್ಲ.

ನನಗೆ ಎಚ್ಚರ ಆಗಿದ್ದು ಪಿಳ್ಳಣ್ಣನ ಗಂಟಲಿಗೆ. ಹೂ ಕೀಳುವಾಗ ಜನ್ಮದಲ್ಲಿ ತುಟಿ ಬಿಚ್ಚದೋನು ಅವತ್ತು ಬೀದಿಯೆಲ್ಲ ಏಳೋ ಹಾಗೆ ಕಿರುಚ್ತಿದ್ದ.

"ಆಂಜೀ! ಲೇ ಆಂಜೀ! ನಿಮ್ಮನೇಗೆ ಕಳ್ರು ನುಗ್ಗವ್ರೆ ಕಣ್ಲಾ! ಈಚೆ ಬರ್ಬ್ಯಾಡ! ಬಾಗ್ಲು ಆಕ್ಕೊ! ನಾನ್ ನೋಡ್ಕತೀನಿ ಇವ್ರನ್ನ!"

ಬಾಲ್ಕನಿಯಿಂದ ಬಗ್ಗಿ ನೋಡಿದೆ. ಮಂಕಿ ಕ್ಯಾಪು ಹಾಕಿದ ಪಿಳ್ಳಣ್ಣ ಭಾವನ ಬಾಗಿಲಿಗೆ ಅಡ್ಡ ನಿಂತಿದ್ದ. ಹೂವಿನ ಬುಟ್ಟಿ ಕಾಲ ಹತ್ತಿರ ಬಿದ್ದಿತ್ತು. ದೋಟಿ ಬೀಸಿದ ಏಟಿಗೆ ಒಬ್ಬ ಮಫ್ತಿ ಕಾನ್‌ಸ್ಟೇಬಲ್ ಹೆಗಲು ಹಿಡಕೊಂಡು ಸಂಪಿನ ಮೇಲೆ ಕೂತುಬಿಟ್ಟಿದ್ದ. ಇನ್ನೊಬ್ಬ "ಪೊಲೀಸ್! ಪೊಲೀಸ್!" ಅಂತ ಕೂಗಿದರೆ ಪಿಳ್ಳಣ್ಣನೂ "ಊಂ, ಪೊಲೀಸ್ನೇ ಕರೀತೀನಿ ಇರ್ಲಾ!" ಅಂತ ಇನ್ನೊಂದು ಬೀಸಿದ.

ಅಷ್ಟರಲ್ಲಿ ಜೀಪು ಬಂತು. ಗಂಗರತ್ನಮ್ಮ ಮಹಡಿ ಮೇಲೆ ನಿಂತು ಮುಖ ನೋಡೋಕೆ ಮುಂಚೇನೇ ಬಡಾವಣೆ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿಬಿಟ್ಟರು. "ಮಂಕಿ ಕ್ಯಾಪ್ ಗ್ಯಾಂಗ್ ಸಿಕ್ತು! ನಮ್ಮ ಆಂಜಿನಪ್ಪೋರು ಹಿಡ್ಸಿದ್ರು!" ಆಮೇಲೆ ಕ್ಯಾಪು ತೆಗೆದು ಮುಖ ಕಂಡ ಮೇಲೆ, "ಅಯ್ಯೋ ಪಿಳ್ಳಣ್ಣ! ಇಷ್ಟು ದಿನ ನೀವೇನಾ?" ಅಂದರು. ವಿದ್ಯಾರಣ್ಯಪುರದಲ್ಲಿರೋ ಅವರ ನಾದಿನಿ ಆಗಲೇ ಚಪ್ಪಾಳೆ ಗುರುತು ಕಳಿಸಿಯಾಗಿತ್ತು.

ಭಾವ ಬನಿಯನ್ನಲ್ಲೇ ಈಚೆ ಓಡಿಬಂದರು. ಅಷ್ಟರಲ್ಲಿ ಪಿಳ್ಳಣ್ಣನ್ನ ಜೀಪಿಗೆ ಹತ್ತಿಸಿಯಾಗಿತ್ತು. ಜೀಪಿನ ಒಳಗಿಂದ ಪಿಳ್ಳಣ್ಣಾನೇ ಧೈರ್ಯ ಹೇಳಿದ.

"ಎದರ್ಬ್ಯಾಡ ಕಣ್ಲಾ ಆಂಜಿ. ಏನೋ ತಪ್ಪು ತಿಳ್ಕೊಂಡವ್ರೆ. ನೀನು ಆ ಫೋಲ್ಡರ್ ತಗಂಡು ಬಾ. ಬಂದು ಲಾ ಪಾಯಿಂಟ್ ಏಳು. ಸಾರ್, ನಮ್ ಆಂಜಿಗೆ ಎಲ್ಲಾ ಕಾನೂನೂ ಗೊತ್ತು ಸಾರ್, ನಮ್ಮ ಆಂಜಿ ಬರ್ತಾನೆ ಇರಿ!"

ಹಿಂದಿನ ದಿನ ಇಡೀ ಪಾರ್ಕಿನ ಮುಂದೆ ಆ ಕಾನೂನನ್ನ ನಕ್ಕು ಹಾರಿಸಿದ್ದವನು ಅವನೇ. ನಾನು ಭಾವನ ಮುಖ ನೋಡಲಿಲ್ಲ, ನೋಡೋಕೆ ಆಗಲಿಲ್ಲ.

ಠಾಣೇಲಿ ಪಿಳ್ಳಣ್ಣ ಗೋಡೆ ಪಕ್ಕದ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತಿದ್ದ. ಭಾವನ್ನ ಕಂಡ ತಕ್ಷಣ ಪಕ್ಕದ ಪೊಲೀಸಿಗೆ, "ಬಂದ ನೋಡಿ," ಅಂದ.

ಭಾವ ಸೀದಾ ಸಾಹೇಬರ ಮೇಜಿಗೆ ಹೋಗಿ ಕೈ ಮುಗಿದರು. "ಸಾರ್, ಇವನು ನನ್ನ ಗೆಳೆಯ. ಕಂಪ್ಲೇಂಟ್ ವಾಪಸ್ ತಗೊಳ್ತೀನಿ."

"ವಾಪಸ್ ಕೊಡೋಕೆ ಇದೇನು ಅಂಗಡೀಲಿ ತಂದ ಬನಿಯನ್ನೇನ್ರೀ?" ಅಂದರು ಉಮೇಶ್ ಸಾಹೇಬರು. "ನಿನ್ನೆ ನೀವು ಹೇಳಿದ್ದು ಕತ್ತಲಲ್ಲಿ ಮುಖ ಮುಚ್ಕೊಂಡು ಮನೆ ಅತಿಕ್ರಮಣ, ಕಳ್ಳತನಕ್ಕೆ. ಅದು ಹಿಡಿಯಬಹುದಾದ್ದು, ಬೇಲ್ ಹಕ್ಕಿಲ್ಲ, ರಾಜಿ ಆಗಲ್ಲ. ಇವತ್ತು ಅದರ ಮೇಲೆ ಡ್ಯೂಟೀಲಿರೋ ನಮ್ಮ ಹುಡುಗನಿಗೆ ಹೊಡೆದಿದಾನೆ. ಅದಕ್ಕೂ ಬೇಲ್ ಹಕ್ಕಿಲ್ಲ. ಈಗ ಇದು ನಿಮ್ಮ ಕೇಸಲ್ಲ, ಸರ್ಕಾರದ್ದು."

"ಎನ್‌ಸಿ ಅಂದ್ಕೊಂಡಿದ್ದೆ ಸಾರ್..."

"ನೀವೇ ಮೇಲಕ್ಕೆ ಏರಿಸಿದ್ದಲ್ವೇನ್ರೀ? ಮೇಡಂ ಒಂದ್ಸಲ ಯೋಚ್ನೆ ಮಾಡಿ ಅಂದ್ರಂತಲ್ಲ."

ಭಾವನ ಮೂರೂ ಪ್ರಶ್ನೆಗೆ ಒಂದೇ ಬೆಳಗಲ್ಲಿ ಉತ್ತರ ಸಿಕ್ಕಿತ್ತು. ಹಿಂದೆ ಬೆಂಚಿನ ಕಡೆ ತಿರುಗಿ ನೋಡಿದೆ. ಪಿಳ್ಳಣ್ಣ ಮಡಿಲಲ್ಲಿದ್ದ ಮಂಕಿ ಕ್ಯಾಪನ್ನ ಎರಡೂ ಕೈಲಿ ಹಿಡಕೊಂಡು ಕೂತಿದ್ದ. ಕಂಪ್ಲೇಂಟ್ ಅನ್ನೋ ಮಾತು ಅವನಿಗೆ ಕೇಳಿಸಿತ್ತು.

"ಕಂಪ್ಲೇಂಟ್ ಕೊಟ್ಟೋನು ನೀನಾ ಆಂಜಿ?" ಅಂದ. ಮೆಲ್ಲಗೇ ಅಂದ.

"ತಮಾಷೆಗೆ ಕಣ್ಲಾ ಪಿಳ್ಳ..." ಅಂದರು ಭಾವ.

ಪಿಳ್ಳಣ್ಣ ತಲೆ ಆಡಿಸಿದ, ಅಷ್ಟೇ. ದ್ರೌಪದಮ್ಮ ಹಬ್ಬದ ಅರಿಶಿನ ಕೈಯಲ್ಲೇ ಓಡಿಬಂದು ಠಾಣೆ ಮೆಟ್ಟಿಲ ಮೇಲೆ ಕೂತಳು. ಅವಳು ಬೈದಿದ್ದರೆ ಎಷ್ಟೋ ವಾಸಿ ಇತ್ತು. "ಅಣ್ಣಾ, ಕಳಶದ ಮೇಲಿರೋ ಊವು ಇನ್ನಾ ಬಾಡಿಲ್ಲ, ಅದನ್ನೆಲ್ಲ ತಂದ್ಕೊಟ್ರೆ ಬುಡ್ತಾರಾ?" ಅಂತ ಭಾವನ್ನೇ ಕೇಳಿದಳು.

ಪಿಳ್ಳಣ್ಣನ ತಂಗಿ ಮಗಳು ಪದ್ಮಶ್ರೀ ವಕೀಲೆ. ಅವಳೇ ಕೋರ್ಟಿಗೆ ನಿಂತಳು. ಸಾಲು ರಜೆ, ಅದೂ ಇದೂ ಅಂತ ಶನಿವಾರ ಒಳಗೆ ಹೋದೋನು ಹೊರಗೆ ಬಂದಿದ್ದು ಮಂಗಳವಾರ. ಬೇಲ್ ಅರ್ಜಿ ದಿನ ಮ್ಯಾಜಿಸ್ಟ್ರೇಟರು ಭಾವನ್ನ ನೋಡಿ, "ಹೂ ಕೀಳೋಕೆ ನೀವೇ ಅನುಮತಿ ಕೊಟ್ಟಿದ್ರಾ?" ಅಂದರು.

"ಹೌದು ಸ್ವಾಮಿ. ಗೃಹಪ್ರವೇಶದ ದಿನಾನೇ ಕೊಟ್ಟಿದ್ದೆ. ಮರ ನೆಟ್ಟಿದ್ದೂ ಅವನೇ."

"ಹಾಗಾದ್ರೆ ಕಂಪ್ಲೇಂಟ್ ಯಾಕ್ರೀ ಕೊಟ್ರಿ?"

ಭಾವ ಕಟಕಟೆ ಹಿಡಕೊಂಡರು. "ಎಲ್ಲರೂ ನಕ್ರು ಸ್ವಾಮಿ," ಅಂದರು. ಆಗ ಮಾತ್ರ ಯಾರೂ ನಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಪದ್ಮಶ್ರೀನ ತಡೆದು ನಿಲ್ಲಿಸಿದರು. ಫೋಲ್ಡರು ಇನ್ನೂ ಕಂಕುಳಲ್ಲೇ ಇತ್ತು.

"ಅಮ್ಮಾ, ನನ್ನ ಮೇಲೆ ಒಂದು ಕೇಸ್ ಹಾಕ್ಸು. ಸುಳ್ಳು ಕಂಪ್ಲೇಂಟ್ ಕೊಟ್ಟೋನು ಅಂತ. ಅದು ಯಾವ ಕ್ಲಾಸಾದ್ರೂ ಆಗ್ಲಿ, ನಾನು ಬೇಲೂ ಕೇಳಲ್ಲ."

ಪದ್ಮಶ್ರೀ ಕೋಟಿನ ಗುಂಡಿ ಹಾಕ್ಕೊಳ್ತಾ ಒಂದು ಗಳಿಗೆ ಯೋಚನೆ ಮಾಡಿದಳು. ವಕೀಲೆಯಾಗಿ ಉತ್ತರ ಕೊಡೋದೋ, ಪಿಳ್ಳಣ್ಣನ ಮನೆ ಹುಡುಗಿಯಾಗಿ ಕೊಡೋದೋ ಅಂತ ಇರಬೇಕು.

"ಅಂಕಲ್, ನೀವು ಹೇಳಿದ್ರಲ್ಲಿ ಸುಳ್ಳು ಯಾವುದು ಹೇಳಿ? ಕತ್ತಲು ನಿಜ. ಬರಿಗಾಲು ನಿಜ. ಚಿಲಕ, ಕ್ಯಾಪು, ಕೊಕ್ಕೆ ಎಲ್ಲಾ ನಿಜ. 'ಮುಖ ಕಾಣ್ಸಲ್ಲ' ಅಂದ್ರಿ, ಅದೂ ನಿಜವೇ. ನೀವು ಮಾಡಿದ್ದನ್ನ ಯಾವ ಸೆಕ್ಷನ್ನಿಗೆ ಹಾಕ್ಲಿ? ನಾನು ಹುಡುಕಿದೆ. ನಿಮ್ಮದು ಯಾವ ಕ್ಲಾಸಿಗೂ ಬರಲ್ಲ."

ಭಾವ ಅಲ್ಲೇ ಗೋಡೆಗೆ ಒರಗಿ ಕೂತು ಅತ್ತರು. ಅಷ್ಟು ದೊಡ್ಡ ಮನುಷ್ಯ, ಆಕಡೆ ಈಕಡೆ ಲಾಯರುಗಳು ಓಡಾಡೋ ಜಾಗದಲ್ಲಿ, ಚಿಕ್ಕ ಮಗುವಿನ ಹಾಗೆ ಅತ್ತರು. ನಾನು ಕೆಟ್ಟ ಬುದ್ಧಿಯವನು, ಅಲ್ಲಿವರೆಗೂ ಮನಸ್ಸಲ್ಲಿ ಅವರಿಗೆ ಶಾಪ ಹಾಕ್ತಿದ್ದೆ. ಆಮೇಲೆ ಹಾಕಲಿಲ್ಲ.

ಕೆಲವು ತಿಂಗಳಲ್ಲಿ ಕೇಸು ಮುಚ್ಚಿಹೋಯ್ತು. ಏಟು ತಿಂದ ಕಾನ್‌ಸ್ಟೇಬಲ್ಲೇ ದೊಡ್ಡ ಮನಸ್ಸು ಮಾಡಿ, ತಾನು ಯೂನಿಫಾರಂನಲ್ಲಿ ಇರಲಿಲ್ಲ, ಆ ಯಜಮಾನ್ರು ತನ್ನನ್ನ ಕಳ್ಳ ಅಂದ್ಕೊಂಡೇ ಹೊಡೆದಿದ್ದು ಅಂತ ಹೇಳಿಕೆ ಕೊಟ್ಟ. ತಪ್ಪು ತಿಳುವಳಿಕೆಯಿಂದ ಆದದ್ದು ಅಂತ ಪೊಲೀಸರು ಕೋರ್ಟಿಗೆ ವರದಿ ಹಾಕಿದರು. ಗಂಗರತ್ನಮ್ಮ ಗ್ರೂಪಿನಿಂದ ಆ ವಾಯ್ಸ್ ಅಳಿಸೋಕೆ ಹೋದರು. ಬಹಳ ದಿನ ಆಗಿದ್ದರಿಂದ ಅದು ಅಳಿಯಲಿಲ್ಲವಂತೆ.

ಅಷ್ಟು ದಿನವೂ ಸಂಪಿಗೆ ಮರದ ಹತ್ತಿರ ಯಾರೂ ಬರಲಿಲ್ಲ. ಹೂ ಅರಳಿ, ಕಂದಿ, ಉದುರಿ ಅಂಗಳವೆಲ್ಲ ಕೊಳೆತ ವಾಸನೆ. ಅಕ್ಕ ಗುಡಿಸ್ತಿದ್ದಳು, ಒಂದನ್ನೂ ಮುಡಿಯಲಿಲ್ಲ. ಭಾವ ಕಬ್ಬಿಣದೋನನ್ನ ಕರೆಸಿ ಗೇಟಿನ ಚಿಲಕ ಕುಯ್ಯಿಸಿ ತೆಗೆಸಿದರು. ಪಾರ್ಕಿನ ಬೆಂಚಿಗೆ ಹೋಗೋದು ಬಿಟ್ಟರು. ಫೋಲ್ಡರಲ್ಲಿ ಅಕ್ಕ ಈಗ ಗ್ಯಾಸಿನ ರಸೀದಿ ಇಟ್ಟುಕೊಂಡಿದಾಳೆ. ಬೆಳಕಾಗೋ ಮುಂಚೆ ಎದ್ದು ಭಾವ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿರ್ತಿದ್ದರು. "ಕೇಸು ಮುಗೀತಲ್ಲ ಯೋಗಿ, ಇನ್ನು ಬರ್ತಾನೆ ಬಿಡು. ಪಿಳ್ಳನಿಗೆ ಕೋಪ ನಿಲ್ಲಲ್ಲ," ಅಂತಿದ್ದರು.

ಭಾವ ಹೇಳಿದ್ದು ಅರ್ಧ ಸರಿಯಾಯ್ತು. ಪಿಳ್ಳಣ್ಣ ಬಂದ.

ಬೆಳಗ್ಗೆ ಒಂಬತ್ತು ಗಂಟೆ. ಒಳ್ಳೆ ಬಿಸಿಲು. ಚಿಲಕಾನೇ ಇಲ್ಲದ ಗೇಟಿನ ಆಚೆ ನಿಂತು ಕಾಲಿಂಗ್ ಬೆಲ್ ಒತ್ತಿದ. ಇಸ್ತ್ರಿ ಮಾಡಿದ ಶರಟು, ಕಾಲಲ್ಲಿ ಚಪ್ಪಲಿ, ತಲೆ ಮೇಲೆ ಏನೂ ಇಲ್ಲ. 'ನನ್ನ ಮುಖ ಸರಿಯಾಗಿ ಕಾಣಿಸ್ತಿದೆಯಾ' ಅನ್ನೋ ಹಾಗೆ ಕ್ಯಾಮೆರಾ ಎದುರಿಗೆ ನಿಂತವನಂತೆ ನಿಂತಿದ್ದ. ಭಾವ ಎದ್ದು ಓಡಿದರು. ಅವರ ಶಾಲು ಮೆಟ್ಟಿಲ ಮೇಲೇ ಬಿತ್ತು.

"ನಮಸ್ಕಾರ ಸಾರ್," ಅಂದ ಪಿಳ್ಳಣ್ಣ. "ದೇವರಿಗೆ ಎರಡು ಹೂ ಬೇಕಾಗಿತ್ತು. ನಿಮ್ಮ ಪರ್ಮಿಷನ್ ಇದ್ರೆ ಕಿತ್ಕೋತೀನಿ."

"ಲೇ ಪಿಳ್ಳ, ಏನ್ಲಾ ಇದು! ಎಲ್ಲಾ ನಿಂದೇ ಕಣ್ಲಾ, ಒಳಗೆ ಬಾರ್ಲಾ!"

"ಬೇಡ ಸಾರ್. ಎರಡು ಸಾಕು."

ಒಳಗೆ ಬಂದ. ಕೈಗೆ ಎಟುಕೋ ಕೊಂಬೆಯಿಂದ, ಬಿಸಿಲಿಗೆ ಆಗಲೇ ಬಾಡಿದ್ದ ಎರಡು ಹೂ ಕಿತ್ತ. ಭಾವನಿಗೆ ಎರಡೂ ಹೂ ತೋರಿಸಿದ. ಅಡುಗೆಮನೆ ಕಿಟಕಿ ಕಡೆ ತಿರುಗಿಯೂ ನೋಡದೆ, "ಬರ್ತೀನಿ ಸಾರ್, ಥ್ಯಾಂಕ್ಸ್," ಅಂತ ಹೇಳಿ ಗೇಟು ಎಳೆದುಕೊಂಡು ಹೋದ. ಅಕ್ಕ ಕಿಟಕಿ ಒಳಗಡೆ ನಿಂತು ಎಲ್ಲಾ ನೋಡ್ತಿದ್ದಳು.

ಆವತ್ತಿಂದ ದಿನಾ ಅದೇ. ಒಂಬತ್ತಕ್ಕೆ ಸರಿಯಾಗಿ ಬರ್ತಾನೆ. ಬೆಲ್ ಒತ್ತುತ್ತಾನೆ, ಕೇಳುತ್ತಾನೆ, ಎರಡು ಹೂ ತೋರಿಸ್ತಾನೆ, ಹೋಗ್ತಾನೆ. ಭಾವ ಕಾಲು ಹಿಡಿಯೋಕೂ ಹೋದರು. "ಛೇ ಛೇ, ದೊಡ್ಡೋರು ನೀವು," ಅಂತ ಹಿಂದೆ ಸರಿದ.

ಭಾವ ಮಾತ್ರ ಈಗಲೂ ಕತ್ತಲಲ್ಲೇ ಎದ್ದು ಮೆಟ್ಟಿಲ ಮೇಲೆ ಕೂರ್ತಾರೆ. ಬಿಸಿಲು ಏರ್ತಾ ಬಂದ ಹಾಗೆ ಎದ್ದು ಒಳಗೆ ಹೋಗಿ, ಬೆಲ್ ಸದ್ದು ಕೇಳಿಸದೆ ಇರಲಿ ಅಂತ ಟಿವಿ ಜೋರು ಮಾಡ್ತಾರೆ. ಆದರೂ ಬೆಲ್ ಕೇಳಿಸುತ್ತೆ. ಅಕ್ಕ ಹೋಗಿ ಬಾಗಿಲು ತೆಗೀತಾಳೆ.

"ಸಾರ್ ಇದಾರಾಮ್ಮ?" ಅಂತ ಕೇಳ್ತಾನೆ ಪಿಳ್ಳಣ್ಣ.